ಕಾರ್ಡಿಗೆ ಬೇಡವಾದ ಸಾಲು

ಗೆಳತಿ ವಿಶಾಲೂ,

ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಕಾಗದ ಬರೆ ಎಂದು ಶುರುಮಾಡಲು ಕೈ ಹೋಗಿತ್ತು. ಅಲ್ಲೇ ತಡೆದೆ. ನಿನ್ನ ಕ್ಷೇಮವನ್ನು ಇನ್ನು ಯಾರ ಹತ್ತಿರ ಕೇಳಲಿ? ನನ್ನದನ್ನೇ ಹೇಳುತ್ತೇನೆ. ಚಳ್ಳಕೆರೆಯಲ್ಲಿ ನಮ್ಮ ಪ್ರೆಸ್ಸು ಮೊದಲಿನಂತೆಯೇ ನಡೆಯುತ್ತಿದೆ. ನಮ್ಮನೆಯವರು ಮೆಷಿನ್ನಿನ ಹತ್ತಿರ, ನಾನು ಕಂಪ್ಯೂಟರಿನ ಮುಂದೆ, ಎದುರಿನ ಮಿಲ್ಲಿನಿಂದ ಶೇಂಗಾ ಹಿಂಡಿಯ ವಾಸನೆ. ನೀನು ಬಂದಾಗ ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಕಾಗದದ ಕಟ್ಟು ಪೇರಿಸಿದ್ದೇವೆ. ಬೇಕೆಂದು ಪೇರಿಸಿದ್ದಲ್ಲ, ಬೇರೆ ಜಾಗ ಇರಲಿಲ್ಲ. ನೀನು ಇದ್ದಿದ್ದರೆ ಇದಕ್ಕೂ ಏನಾದರೊಂದು ಅಂದು ನನ್ನನ್ನು ಆಡಿಕೊಳ್ಳುತ್ತಿದ್ದೆ.

ನಿನ್ನ ಸೆಂಟರಿನ ಮಕ್ಕಳಿಗೆ ಸರ್ಟಿಫಿಕೇಟ್ ಮಾಡಿಸಲು ನೀನು ರಾಂಪುರದಿಂದ ಬಂದಿದ್ದ ಮಧ್ಯಾಹ್ನ ನೆನಪಾಗುತ್ತದೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿನ್ನ ತವರು ಪರಶುರಾಂಪುರದ ಬಸ್ಸಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಬರುತ್ತಿದ್ದವಳು ನೀನು, ಮದುವೆಯಾಗಿ ರಾಂಪುರ ಸೇರಿ, ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಸೆಂಟರ್ ತೆರೆದು, ಅಲ್ಲಿನ ಮಕ್ಕಳಿಗೆಲ್ಲ ಮಿಸ್ ಆಗಿಬಿಟ್ಟಿದ್ದೆ. ಆವತ್ತು ಸರ್ಟಿಫಿಕೇಟು ಮೆಷಿನ್ನಿನಲ್ಲಿ ಓಡುತ್ತಿರುವಾಗ ನೀನು ಸುಮ್ಮನೆ ಕೂರಲಾರದೆ ನನ್ನ ಕಂಪ್ಯೂಟರಿಗೆ ಫೋನಿನ ತಂತಿ ಸಿಕ್ಕಿಸಿ ಇಂಟರ್ನೆಟ್ ಹಚ್ಚಿದೆ. ಗಿರಾಕಿಗಳಿಗೆ ನಮ್ಮ ಫೋನು ಎಂಗೇಜ್ ಬರುತ್ತಿದ್ದರೆ ನಿನಗೇನು? ನೀನು ನನ್ನ ಹೆಸರಿನಲ್ಲಿ ಒಂದು ಪುಟ ತೆರೆಯುತ್ತಿದ್ದೆ. ಇದಕ್ಕೆ ಬ್ಲಾಗು ಅಂತಾರೆ ಅಂದೆ. ನಾವು ಬರೆದದ್ದನ್ನು ಎಲ್ಲೋ ಕೂತವರು ಓದಬಹುದು, ಓದಿ ಕೆಳಗೆ ಎರಡು ಮಾತು ಬರೆಯಬಹುದು ಅಂದೆ. ನನಗ್ಯಾಕೆ ಇದೆಲ್ಲ ಎಂದದ್ದಕ್ಕೆ ಗೋಡೆಗೆ ಅಂಟಿಸಿದ್ದ ಮದುವೆ ಕಾರ್ಡಿನ ಸ್ಯಾಂಪಲ್ಲುಗಳ ಕಡೆ ಕೈ ತೋರಿಸಿದೆ.

“ಊರಿಗೆಲ್ಲ ನೀನೇ ಬರ್ಕೊಡ್ತೀಯ. ನಿಂದು ಅಂತ ಒಂದು ಸಾಲು ಎಲ್ಲಾದ್ರೂ ಐತೇನೆ?”

ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಬೋರ್‌ವೆಲ್ ಮೋಟರ್ ಅಂಗಡಿಯ ಹ್ಯಾಂಡ್‌ಬಿಲ್ಲು, ಎಲ್ಲಕ್ಕೂ ಮಾತು ಕೂಡಿಸಿ ಕೊಡುವವಳು ನಾನೇ. ಗಿರಾಕಿ ಹೆಸರು, ತಾರೀಖು, ಜಾಗ ಹೇಳಿದರೆ ಸಾಕು, ಮಿಕ್ಕದ್ದು ನನ್ನ ಬೆರಳಿಗೇ ಗೊತ್ತು. ಅದರಲ್ಲಿ ನನ್ನದು ಯಾವುದು? ನೀನು ಸರ್ಟಿಫಿಕೇಟಿನ ಕಟ್ಟು ಹಿಡಿದು ಬಸ್ಸಿಗೆ ಹೋದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ಸಿಟ್ಟೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಮೊದಲ ಸಲ ಬರೆಯಲು ಕೂತದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಖಾಲಿ ಪುಟ ಕಂಡದ್ದೇ ತಡ, ಬೆರಳುಗಳು ತಾವಾಗಿಯೇ ಮೇಲ್ಗಡೆ ನಟ್ಟನಡುವೆ “ಶ್ರೀ ವೀರಭದ್ರಸ್ವಾಮಿ ಪ್ರಸನ್ನ” ಎಂದು ಹೊಡೆದವು. ಅದರ ಕೆಳಗೆ, ಆತ್ಮೀಯರೇ. ಅದರ ಕೆಳಗೆ, ತಾವೆಲ್ಲರೂ ಸಕುಟುಂಬ ಸಪರಿವಾರ ಸಮೇತರಾಗಿ ನನ್ನ ಬ್ಲಾಗಿಗೆ ಆಗಮಿಸಿ ಹರಸಬೇಕಾಗಿ ವಿನಂತಿ. ಸುಖಾಗಮನ ಬಯಸುವವರು, ಶೈಲಜಾ. ಅಷ್ಟೇ. ಮುಂದೆ ಒಂದಕ್ಷರ ಹೊರಡಲಿಲ್ಲ. ಫೋನಿನಲ್ಲಿ ಓದಿ ಹೇಳಿದಾಗ ನೀನು ನಕ್ಕ ನಗು... ನಕ್ಕು ಸುಸ್ತಾಗಿ, ಊಟಕ್ಕೆ ಏನು ಮಾಡಿಸ್ತೀಯ ಎಂದು ಕೇಳಿದೆ. ಮುಹೂರ್ತ ಹಾಕೋದು ಮರೆತಿದ್ದೀಯ ಎಂದೂ ಸೇರಿಸಿದೆ. ನಾನು ಸಿಡುಕಿ ಫೋನಿಟ್ಟೆ. ನೀನು ಮತ್ತೆ ಮಾಡಿದೆ, ಮತ್ತೆ ನಕ್ಕೆ.

ಅದಾದ ಮೇಲೆ ಊರಿನ ಬಗ್ಗೆ ಬರೆಯಲು ಹೊರಟೆ. ಚಳ್ಳಕೆರೆಯು ಎಣ್ಣೆ ಗಿರಣಿಗಳಿಗೆ ಹೆಸರಾದ ಪಟ್ಟಣವಾಗಿದೆ, ಇಲ್ಲಿನ ಜನರು ಶ್ರಮಜೀವಿಗಳಾಗಿದ್ದಾರೆ. ಇದನ್ನು ಕೇಳಿ ನೀನು ನಗಲೂ ಇಲ್ಲ. ಇಷ್ಟು ಹೊತ್ತು ಫೋನಿನಲ್ಲಿ ಮಿಲ್ಲಿನವರ ಸೊಸೆಯ ಜಗಳ ಎಷ್ಟು ಚೆಂದ ಹೇಳಿದೆ, ಹಾಗೆ ಬರೆಯೋಕೇನು ನಿನಗೆ ಧಾಡಿ ಎಂದು ಬೈದೆ. ಆದರೆ ಬಾಯಲ್ಲಿ ಬರುವ ಮಾತು ಬರೆಯಲು ಕೂತರೆ ಎಲ್ಲಿ ಅಡಗುತ್ತಿತ್ತೋ ನನಗೂ ತಿಳಿಯದು. ಪ್ರತಿ ಸಲವೂ ಒಂದು ಸಾಲು ಹೊಡೆಯುವುದು, ಇದನ್ನು ಯಾರು ಓದುತ್ತಾರೆ ಅನ್ನಿಸುವುದು, ಅಳಿಸುವುದು. ಬರಿಯೇ ಬರಿಯೇ ಎಂದು ಕನ್ನಡದಲ್ಲಿ ಹೇಳಿ ಸಾಕಾದಾಗ ನೀನು ರಾಂಪುರದ ತೆಲುಗಿಗೆ ಇಳಿಯುತ್ತಿದ್ದೆ. “ರಾಯವೇ ತಲ್ಲೀ” ಎಂದು ಗೋಗರೆಯುತ್ತಿದ್ದೆ. ಆ ದನಿ ಇನ್ನೂ ಕಿವಿಯಲ್ಲಿದೆ ಕಣೇ.

ನಾನು ನಿಮ್ಮ ಮನೆಗೆ ಬಂದ ದಿನ ರಾಂಪುರದಲ್ಲಿ ಕರೆಂಟ್ ಇರಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿರುತ್ತೀಯ, ಇಬ್ಬರೂ ಕೂತು ಹರಟಬಹುದು ಎಂದುಕೊಂಡು ಬಂದೆ. ಬಾಗಿಲಲ್ಲೇ ಟಕಟಕ ಸದ್ದು. ಒಳಗೆ ಉದ್ದಕ್ಕೂ ಹಾಸಿದ್ದ ಕಡಪ ಕಲ್ಲಿನ ಮೇಜಿನ ಮೇಲೆ, ಒಬ್ಬೊಬ್ಬರ ಮುಂದೆಯೂ ನೀನು ಸೀಮೆಸುಣ್ಣದಲ್ಲಿ ಕೀಬೋರ್ಡ್ ಬರೆದಿದ್ದೆ. ಸಾಲು ಸಾಲು ಚೌಕ ಮನೆಗಳು, ಮನೆಯೊಳಗೆ ಅಕ್ಷರಗಳು. ಮಕ್ಕಳು ಬರೀ ಕಲ್ಲನ್ನು ಬೆರಳಿನಿಂದ ಬಡಿಯುತ್ತಿದ್ದರು. ನೀನು ಹಿಂದೆ ಓಡಾಡುತ್ತಾ, ಯಾರ ಬೆರಳು ದಾರಿ ತಪ್ಪಿದರೂ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಗದರುತ್ತಿದ್ದೆ. ಒಂದು ಹುಡುಗಿಯ ಅಂಗಿಯ ತೋಳು ಉಜ್ಜಿ ಕೆಳಗಿನ ಸಾಲೆಲ್ಲ ಅಳಿಸಿಹೋಗಿತ್ತು. ಅವಳು ಅಳು ಮೋರೆ ಮಾಡಿಕೊಂಡು ಕೈಯೆತ್ತಿದಳು. ನೀನು ಹೋಗಿ ಆ ಸಾಲನ್ನು ತಿರುಗಿ ಬರೆದುಕೊಟ್ಟೆ. ನಾನು ಮಂಡಕ್ಕಿ ತಿಂದು, ಟೀ ಕುಡಿದು, ಚಳ್ಳಕೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಗೆ ತಲೆಯಾನಿಸಿ ಯೋಚಿಸಿದ್ದು ಏನು ಗೊತ್ತಾ? ಬ್ಲಾಗಿಗೆ ಬರೆಯಲು ನನಗೆ ಒಂದು ವಿಷಯವೂ ಸಿಗುತ್ತಿಲ್ಲವಲ್ಲ ಎಂದು.

ಆಮೇಲೆ ಮದುವೆ ಸೀಸನ್ ಬಂತು. ಕೆಲಸ ಮೈಮೇಲೆ ಬಿದ್ದಿದೆ, ಆಷಾಢ ಬರಲಿ ಎಂದೆ. ಆಷಾಢ ಬಂದಾಗ ಪ್ರೆಸ್ಸಿನ ಕನ್ನಡ ಅಕ್ಷರ ಬ್ಲಾಗಿನಲ್ಲಿ ಮೂಡುವುದಿಲ್ಲ, ಬರೀ ಸೊನ್ನೆ, ಗೀಟು, ಡಾಲರ್ ಗುರುತು ಬರುತ್ತವೆ ಎಂದೆ. ಅದು ನಿಜವೂ ಆಗಿತ್ತು, ಒಳ್ಳೆಯ ನೆಪವೂ ಆಗಿತ್ತು. ನೀನು ಬಿಡುವವಳೇ? ಬ್ಲಾಗಿಗೆ ಒಗ್ಗುವ ಅಕ್ಷರದ ಸಿ.ಡಿ.ಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಅದನ್ನು ಇಸಕೊಂಡು ಬರುವಾಗ ನನಗೆ ಖುಷಿಯಾಗಲಿಲ್ಲ, ಇನ್ನು ಯಾವ ನೆಪ ಹುಡುಕಲಿ ಅನ್ನಿಸಿತು. ನೀನು ಇಷ್ಟು ಹಟ ಹಿಡಿದದ್ದು ಯಾಕೆ ಎಂದು ಒಂದು ದಿನವಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಿಂದ ನೀನು ಫೋನ್ ಮಾಡಿದ್ದು ಒಂದು ಸಂಜೆ. ಜ್ವರ ಬಿಡುತ್ತಿಲ್ಲ, ಸೇರಿಸಿಕೊಂಡಿದ್ದಾರೆ, ಇಲ್ಲಿನ ಗಂಜಿ ಬಾಯಿಗಿಡಲಾಗದು ಎಂದೆಲ್ಲ ಹೇಳಿದೆ. ದನಿ ಸಣ್ಣಗಾಗಿತ್ತು. ಫೋನಿಡುವ ಮುಂಚೆ ಬ್ಲಾಗಿಗೆ ಹಾಕಿದೆಯಾ ಎಂದು ಕೇಳಿದೆ. ನೀನು ಮನೆಗೆ ಬರುವಷ್ಟರಲ್ಲಿ ಹಾಕಿರುತ್ತೇನೆ ಎಂದೆ ನಾನು.

“ಹಾಕಿದ್ರೆ ನಂಗೇ ಮೊದ್ಲು ಹೇಳ್ಬೇಕು ನೋಡು. ನಾನು ಓದಿದ್ಮೇಲೆ ಮಿಕ್ಕೋರು.”

ಆಯ್ತು ಮಾರಾಯ್ತಿ ಎಂದು ನಕ್ಕೆ. ಜ್ವರ ತಾನೇ, ಇಂದಲ್ಲ ನಾಳೆ ಬಿಡುತ್ತದೆ, ಆಮೇಲೆ ಇಬ್ಬರೂ ಸೇರಿ... ಜ್ವರಕ್ಕೆಲ್ಲ ಯಾರಾದರೂ ಹೀಗೆ ಎದ್ದು ಹೋಗುತ್ತಾರೇನೆ?

ನಿಮ್ಮ ಯಜಮಾನರು ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದಾಗ ಗಡ್ಡ ಬಿಟ್ಟುಕೊಂಡು ಗುರುತೇ ಸಿಗದಂತಾಗಿದ್ದರು. ನಿನ್ನ ಶಿವಗಣಾರಾಧನೆಯ ಕಾರ್ಡು ಮಾಡಿಸಲು ಬಂದಿದ್ದರು. ರಾಂಪುರದ ಹತ್ತಿರ ಪ್ರೆಸ್ಸಿಲ್ಲವೆಂದಲ್ಲ, ನಿನ್ನ ಕಾರ್ಡು ನನ್ನ ಕೈಯಲ್ಲೇ ಆಗಲಿ ಎಂದು ಬಂದಿದ್ದರು. ಹೆಸರು, ದಿನ, ಜಾಗ ಹೇಳಿದರು. ಮಿಕ್ಕದ್ದು ಎಲ್ಲರಿಗೂ ಹಾಕೋ ಹಂಗೆ ಹಾಕ್ರಿ ಅಕ್ಕಾ ಎಂದು ತಲೆ ತಗ್ಗಿಸಿ ಕೂತರು. ನಾನು ಹಿಂದಿನ ಯಾರದೋ ಕಾರ್ಡನ್ನು ಕಂಪ್ಯೂಟರಿನಲ್ಲಿ ತೆರೆದೆ. ಅವರ ಹೆಸರು ಅಳಿಸಿ ಆ ಜಾಗದಲ್ಲಿ ನಿನ್ನ ಹೆಸರು ಹೊಡೆದೆ. ಶ್ರೀಮತಿ ವಿಶಾಲಾಕ್ಷಿಯವರು ಶಿವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಓದಿದರೆ ಯಾರೋ ಬೇರೆಯವರು ಸತ್ತ ಹಾಗಿತ್ತು. ಅದು ನೀನಾಗಿರಲಿಲ್ಲ.

ಆಗ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಹೊಡೆದೆ. ಯೋಚಿಸಲಿಲ್ಲ, ಅಳಿಸಲಿಲ್ಲ. “ಕರೆಂಟ್ ಹೋದರೂ ಪಾಠ ನಿಲ್ಲಿಸದೆ, ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಕೀಬೋರ್ಡ್ ಬರೆದು ಮಕ್ಕಳಿಗೆ ಕಲಿಸುವವಳು ನಮ್ಮ ವಿಶಾಲು.” ಪ್ರೂಫ್ ತೆಗೆದುಕೊಟ್ಟೆ. ನಿಮ್ಮ ಯಜಮಾನರು ಓದಿದರು. ಆ ಸಾಲಿನ ಮೇಲೆ ಬೆರಳಿಟ್ಟರು.

“ಖರೇ ಐತಕ್ಕಾ ನೀವು ಬರೆದಿದ್ದು. ಆದ್ರೆ ಕಾರ್ಡಿಗೆ ಬ್ಯಾಡ ಬಿಡ್ರಿ. ಹಿರೇರು ಅದಾರೆ, ಇದೇನು ಹಿಂಗೆ ಹಾಕ್ಸೀಯ ಅಂತಾರೆ.”

ನಾನು ವಾದ ಮಾಡಲಿಲ್ಲ. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ, ಆರಾಧನೆಯ ಕಾರ್ಡಿನಲ್ಲಿ ಯಾರು ಸೀಮೆಸುಣ್ಣದ ಮಾತು ಹಾಕಿಸುತ್ತಾರೆ? ಆ ಸಾಲನ್ನು ಅಲ್ಲಿಂದ ಎತ್ತಿ ಒಂದು ಖಾಲಿ ಪುಟದಲ್ಲಿಟ್ಟೆ. ನಿನ್ನ ಕಾರ್ಡು ಎಲ್ಲರ ಕಾರ್ಡಿನ ಹಾಗೆಯೇ ಆಯಿತು. ಕೊನೆಗೆ ದುಃಖತಪ್ತರು ಎಂದು ಹಾಕಿ ನಿಮ್ಮ ಬಂಧುಬಳಗದ ಹೆಸರೆಲ್ಲ ಸೇರಿಸಿದೆ. ನನ್ನ ಹೆಸರು ಅದರಲ್ಲಿ ಬರುವಂತಿರಲಿಲ್ಲ. ಅದಕ್ಕೆ ಎಷ್ಟು ಸಂಕಟವಾಯಿತೆಂದು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಆರಾಧನೆಯ ದಿನ ನಿಮ್ಮ ಮನೆಯಲ್ಲಿ ಜನವೋ ಜನ. ಸೆಂಟರಿನ ಕೋಣೆಯಲ್ಲಿದ್ದ ಕಂಪ್ಯೂಟರುಗಳನ್ನು ಅಟ್ಟಕ್ಕೆ ಹಾಕಿದ್ದರು. ಕಡಪ ಕಲ್ಲನ್ನು ಚೆನ್ನಾಗಿ ತೊಳೆದು, ಅದರ ಮೇಲೆ ಮಜ್ಜಿಗೆಯ ಕೊಳದಪ್ಪಲೆ, ಬಾಳೆಲೆಯ ಕಟ್ಟು ಇಟ್ಟಿದ್ದರು. ನಿನ್ನ ಸೀಮೆಸುಣ್ಣದ ಒಂದು ಗೀಟಾದರೂ ಉಳಿದಿದೆಯೇನೋ ಎಂದು ಬಗ್ಗಿ ನೋಡಿದೆ. ಬಡಿಸುವವರು, ಏನು ಬೇಕಿತ್ತಮ್ಮಾ ಎಂದು ಕೇಳಿದರು. ಏನಿಲ್ಲ ಎಂದೆ. ಬಸ್ಸಿನಲ್ಲಿ ಬರುವಾಗ ಹೆದರಿಕೆಯಾಯಿತು ವಿಶಾಲು. ಆ ಮಕ್ಕಳು ದೊಡ್ಡವರಾಗುತ್ತಾರೆ, ನಿಮ್ಮ ಯಜಮಾನರು ಆ ಕೋಣೆಯನ್ನು ಯಾವುದಾದರೂ ಅಂಗಡಿಗೆ ಬಾಡಿಗೆ ಕೊಡುತ್ತಾರೆ, ನಾನೂ ಹೀಗೇ ನಾಳೆ ನಾಡಿದ್ದು ಎನ್ನುತ್ತಿದ್ದರೆ ನೀನು ಹೀಗಿದ್ದೆ ಎಂದು ಹೇಳುವವರು ಯಾರು?

ಅಮಾವಾಸ್ಯೆಯ ದಿನ ಮೆಷಿನ್ನಿಗೆ ಪೂಜೆ ಮಾಡಿ ಕೆಲಸ ನಿಲ್ಲಿಸಿದ್ದರು. ನಮ್ಮನೆಯವರು ಊಟ ಮಾಡಿ ಮಲಗಿದ್ದರು. ಕಾರ್ಡಿನ ಸಾಲು ಎತ್ತಿಟ್ಟಿದ್ದ ಆ ಪುಟವನ್ನು ನಾನು ತೆರೆದೆ. ಖಾಲಿ ಪುಟವಲ್ಲ ಈಗ, ಮೇಲೆ ಒಂದು ಸಾಲಿತ್ತು. ಅದಕ್ಕೆ ಮುಂದಿನದನ್ನು ಸೇರಿಸಿದೆ. ಅಂಗಿಯ ತೋಳಿನಿಂದ ಅಕ್ಷರ ಅಳಿಸಿಕೊಂಡ ಹುಡುಗಿ ಬಂದಳು, ನಿನ್ನ ಗದರಿಕೆ ಬಂತು, ಮಂಡಕ್ಕಿಯೂ ಬಂತು. ಯಾರು ಓದುತ್ತಾರೆ ಎಂಬ ಯೋಚನೆ ಬರಲಿಲ್ಲ, ಯಾಕೆಂದರೆ ಫೋನಿನ ಆ ಕಡೆ ನೀನಿದ್ದ ಹಾಗೆ ಬರೆಯುತ್ತಿದ್ದೆ. ಅಳುತ್ತಾ ಬರೆದೆ, ನಡುವೆ ಒಂದು ಕಡೆ ನಗುವೂ ಬಂತು. ನೀನು ಹೋದದ್ದನ್ನು ಮಾತ್ರ ಬರೆಯಲಿಲ್ಲ. ಬರೆಯಲು ಹೋದರೆ ಆ ಕಾರ್ಡಿನ ಮಾತುಗಳೇ ಬೆರಳಿಗೆ ಬರುತ್ತಿದ್ದವು. ಅವನ್ನು ಒಮ್ಮೆ ನಿನ್ನ ಹೆಸರಿನ ಪಕ್ಕ ಹಾಕಿದ್ದು ಸಾಕಾಗಿತ್ತು. ಬ್ಲಾಗಿಗೆ ಏರಿಸಿದ ಮೇಲೆ ಫೋನಿನ ಹತ್ತಿರ ಹೋಗಿ ನಿಂತೆ. ರಾಂಪುರದ ನಂಬರ್ ಒತ್ತುವುದೊಂದು ಬಾಕಿ. ಆಮೇಲೆ ಅಲ್ಲಿಯೇ ನೆಲಕ್ಕೆ ಕೂತೆ.

ಹೋದ ವಾರ ಇಂಟರ್ನೆಟ್ ಹಚ್ಚಿದಾಗ ಆ ಬರಹದ ಕೆಳಗೆ ಯಾರೋ ನಾಲ್ಕು ಮಾತು ಬರೆದಿದ್ದರು. ಹಾವೇರಿ ಕಡೆಯ ಒಂದು ಹಳ್ಳಿಯ ಮೇಷ್ಟರಂತೆ. ತಮ್ಮ ಶಾಲೆಗೆ ಒಂದೇ ಕಂಪ್ಯೂಟರ್ ಬಂದಿದೆ, ಮಕ್ಕಳು ಸರದಿಗೆ ಜಗಳವಾಡುತ್ತಾರೆ, ನಿಮ್ಮ ಬರಹ ಓದಿದ ಮಾರನೆಯ ದಿನವೇ ವರಾಂಡದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟೆ, ಈಗ ಎಲ್ಲರ ಬೆರಳಿಗೂ ಕೆಲಸ ಸಿಕ್ಕಿದೆ ಎಂದು ಬರೆದಿದ್ದರು. ಕೊನೆಗೆ, ನಿಮ್ಮ ಗೆಳತಿಗೆ ನನ್ನ ನಮಸ್ಕಾರ ತಿಳಿಸಿ ಎಂದಿತ್ತು.

ಏನು ಉತ್ತರ ಬರೆಯಲಿ ಹೇಳು? ನಿಜ ಹೇಳಿಬಿಡೋಣವೆಂದು ಕೂತೆ, ಶಿವಾಧೀನ ಎನ್ನುವವರೆಗೆ ಹೊಡೆದೆ, ಅಳಿಸಿದೆ. ಕೊನೆಗೆ, ನಿಮ್ಮ ನಮಸ್ಕಾರ ತಿಳಿಸುತ್ತೇನೆ ಎಂದಷ್ಟೇ ಬರೆದೆ. ಮಾತು ಕೊಟ್ಟ ಮೇಲೆ ತಿಳಿಸದೆ ಇರಲಾಗುತ್ತದೆಯೇ?

ಹಾವೇರಿ ಕಡೆಯ ಮೇಷ್ಟರೊಬ್ಬರು ನಿನಗೆ ನಮಸ್ಕಾರ ಹೇಳಿದ್ದಾರೆ ಕಣೇ.

ನಿನ್ನ,
ಶೈಲಾ