ಲಾಕ್ ನಿಲ್ಲದ ಚಾಕು

ಜೂನ್ 4, ಬುಧವಾರ

ಬೆಳಗ್ಗೆ ಎರಡು ಜಾಹೀರಾತು ಬೋರ್ಡು ಮುಗಿಸಿದೆವು. ಹಳೆಯ ಫ್ಲೆಕ್ಸ್ ಕೊಯ್ದು ಇಳಿಸುವುದು, ಹೊಸದನ್ನು ಏರಿಸಿ ಹಗ್ಗ ಬಿಗಿಯುವುದು. ಮೇಲೆ ನಾನು ಮತ್ತು ನನ್ನ ಜೊತೆಯ ಹುಡುಗ ಜಿರಾಫೆ. ಅವನ ಕೈಗೆ ಎಟುಕದ ಮೂಲೆಯೇ ಇಲ್ಲ, ಅದಕ್ಕೇ ಆ ಹೆಸರು.

ಊಟದ ಹೊತ್ತಿಗೆ ಕಂಟ್ರಾಕ್ಟರ್ ಬಂದ. ಹಳೆಯ ಚಾಕುಗಳನ್ನೆಲ್ಲ ಇಸಿದುಕೊಂಡು ಹೊಸ ಮಡಚುವ ಚಾಕು ಹಂಚಿದ, ಮಕ್ಕಳಿಗೆ ಪೆಪ್ಪರಮೆಂಟು ಹಂಚುವ ಹಾಗೆ. ಹಿಡಿ ಹಳದಿ. ಅಲಗು ಫಳಫಳ. ಬಿಡಿಸಿದರೆ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಹೇಳಿದೆ.

"ಕುಣಿಯೋಕೆ ಬರದೋನು ನೆಲ ಡೊಂಕು ಅಂದ್ನಂತೆ" ಅಂದ.

ಎಲ್ಲರೂ ನಕ್ಕರು. ಜಿರಾಫೆಯೂ. ಕತ್ತೆ.

ಜೂನ್ 15

ಎಡಗೈ ಬರಹ. ನನಗೇ ಓದಲು ಬರುತ್ತದೋ ಇಲ್ಲವೋ.

ಮೊನ್ನೆ, ಮಾರ್ಕೆಟ್ ಮುಂದಿನ ದೊಡ್ಡ ಬೋರ್ಡು. ಗಾಳಿ ಎದ್ದಿತು. ಒಂದು ಬದಿಯ ಹಗ್ಗಗಳು ಕಿತ್ತು ಬಂದು ಫ್ಲೆಕ್ಸ್ ಹಾಯಿಯ ಹಾಗೆ ಉಬ್ಬಿತು. ಅದರದೇ ಹಗ್ಗ ಜಿರಾಫೆಯ ತೋಳಿಗೆ ಸುತ್ತಿಕೊಂಡಿತು. ಜಾಗ ಬದಲಿಸಲೆಂದು ಬೆಲ್ಟಿನ ಕೊಕ್ಕೆ ಆಗಷ್ಟೇ ಬಿಚ್ಚಿದ್ದ.

ಹಗ್ಗ ಅರ್ಧ ಕೊಯ್ದೆ. ಫ್ಲೆಕ್ಸ್ ಮತ್ತೆ ಒದ್ದಿತು. ಚಾಕುವಿನ ಬೆನ್ನು ಕಬ್ಬಿಣದ ಪಟ್ಟಿಗೆ ಬಡಿಯಿತು. ಅಷ್ಟೇ... ಲಾಕ್ ಬಿಟ್ಟು ಅಲಗು ಮಡಚಿಕೊಂಡು ನನ್ನ ಬೆರಳುಗಳ ಮೇಲೆ ಕೂತಿತು. ಚಾಕು ಹೋಯಿತು. ಜಿರಾಫೆಯೂ ಹೋದ — ಕೆಳಗಿನ ಅಂಗಡಿಯ ಶೀಟಿನ ಮೇಲೆ. ಬದುಕಿದ್ದಾನೆ. ತೊಡೆಯ ಮೂಳೆ ಮುರಿದಿದೆ, ಹೆಗಲೂ.

ನನ್ನ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಚಾಕು ಮಡಚುತ್ತದೆ, ಬೆರಳು ಮಡಚುವುದಿಲ್ಲ. ಚೆನ್ನಾಗಿದೆ.

ಜೂನ್ 17, ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಕಂಟ್ರಾಕ್ಟರ್ ನನಗಿಂತ ಮೊದಲೇ ಹಣ್ಣಿನ ಚೀಲ ಹಿಡಿದು ಬಂದು ಹೋಗಿದ್ದಾನೆ. ನಾನು ಚಾಕುವನ್ನು ಸರಿಯಾಗಿ ಬಿಡಿಸಿರಲಿಲ್ಲವಂತೆ, ಗಾಬರಿಬಿದ್ದೆನಂತೆ. ಜಿರಾಫೆಯ ಅಮ್ಮನ ಎದುರಿಗೇ ಹೇಳಿದ್ದಾನೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ.

ಆ ತಾಯಿ ನನ್ನ ಮುಖ ನೋಡಲಿಲ್ಲ. ನೀರು ಕೊಟ್ಟರು, ಲೋಟವನ್ನು ಮಂಚದ ತುದಿಯಲ್ಲಿಟ್ಟು. ಜಿರಾಫೆ ಗೋಡೆ ನೋಡುತ್ತಾ ಕೇಳಿದ: "ಅಣ್ಣಾ, ನಿಜವಾಗ್ಲೂ ಪೂರ್ತಿ ಬಿಡಿಸಿದ್ಯಾ?"

ಬಿಡಿಸಿದ್ದೆ ಕಣೋ ಅಂದೆ. ನಂಬಿದನೋ ಇಲ್ಲವೋ. ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡು ಬಂದೆ.

ಜುಲೈ 2

ಚಾಕು ಕೊಳ್ಳಲು ಹೋದೆ. ಹೆಂಡತಿಯೂ ಬಂದಳು. ಅಡುಗೆಮನೆಯ ಚಾಕು ಸಾಲದಾ ಅಂತ ದಾರಿಯಲ್ಲಿ ಒಂದೇ ರಾಗ. ಮೇಲೆ ಹತ್ತುವಾಗ ಅದು ಜೇಬಿನೊಳಗಿಂದ ನನ್ನ ತೊಡೆಯನ್ನೇ ಹೆಚ್ಚುತ್ತದೆ ಅಂದೆ. ಮತ್ತೆ ಹತ್ತುತ್ತೀರಾ ಅಂದಳು. ಅಂಗಡಿಯ ಮೆಟ್ಟಿಲು ಹತ್ತಿದೆ.

ಹಾರ್ಡ್‌ವೇರ್ ಅಂಗಡಿಯವನು ಮೊದಲು ತೆಗೆದದ್ದು ಕಾಡಿನಲ್ಲಿ ಬದುಕಲು ಅಂತ ಮಾಡಿದ್ದು. ಗರಗಸ, ದಿಕ್ಸೂಚಿ, ಸೀಟಿ, ಬೆಂಕಿಕಡ್ಡಿ ಇಡುವ ಗೂಡು. ಇವಳು ತಿರುಗಿಸಿ ನೋಡಿ ಕೇಳಿದಳು: "ಬಟ್ಟೆ ಒಗೆಯಲ್ವಾ ಇದು?"

ನನಗೆ ಬೇಕಾದದ್ದು ಇಷ್ಟೇ. ಎಡಗೈ ಹೆಬ್ಬೆರಳೊಂದರಿಂದಲೇ ಬಿಡಿಸಲು ಬರಬೇಕು. ಬಿಡಿಸಿದ ಮೇಲೆ ಲಾಕ್ ನಿಲ್ಲಬೇಕು. ಒದ್ದೆ ಕೈಯಿಂದ ಜಾರಬಾರದು. ನನ್ನಂಥವನ ಕೈಗೆಟುಕಬೇಕು. ಒಂದೊಂದನ್ನೂ ಬಿಡಿಸಿ, ಬೆರಳು ದೂರ ಇಟ್ಟು, ಅಲಗಿನ ಬೆನ್ನನ್ನು ಮೇಜಿಗೆ ತಟ್ಟಿದೆ. ಎರಡು ಮಡಚಿಕೊಂಡವು. ಸಾಮಾನು ಹಾಳಾಗುತ್ತದೆ ಎಂದು ಅಂಗಡಿಯವನು ರೇಗಿದ. ಇಷ್ಟಕ್ಕೇ ಮಡಚುವುದಾದರೆ ಅದು ಹಾಳಾಗಿಯೇ ಹುಟ್ಟಿದೆ ಎಂದು ನಾನೂ ರೇಗಿದೆ. ಇವಳು ತೋಳು ಹಿಡಿದು ಎಳೆದಳು.

ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಪ್ಪು ಹಿಡಿಯ ಒಂದು. ಅಲಗಿನಲ್ಲಿ ಹೆಬ್ಬೆರಳಿಗೆ ತೂತು. ಲಾಕ್ ಹಿಡಿಯ ಬೆನ್ನಿನಲ್ಲಿ, ಯಾವ ಕೈಗಾದರೂ ಸರಿ. ಚೆಂದವಿಲ್ಲ. ತಟ್ಟಿದೆ, ನಿಂತಿತು. ಜೋರಾಗಿ ತಟ್ಟಿದೆ, ನಿಂತಿತು.

ಮನೆಗೆ ಬಂದು ಇವಳು ಅದರಲ್ಲೇ ಹಾಲಿನ ಪ್ಯಾಕೆಟ್ ಕತ್ತರಿಸಿದಳು. ತೊಳೆದು, ಒರೆಸಿ, ನನ್ನ ಅಂಗಿಯ ಜೇಬಿಗೆ ಹಾಕಿದಳು.

ಜುಲೈ 21, ಮಧ್ಯಾಹ್ನ

ಕೆಲಸಕ್ಕೆ ಹೋದೆ. ಶೆಡ್ಡಿನಲ್ಲಿ ಎಲ್ಲರ ಸೊಂಟದಲ್ಲೂ ಅದೇ ಹಳದಿ ಹಿಡಿ. ಜಿರಾಫೆಯ ಮೂಳೆ ಮುರಿದದ್ದು ಸಾಲದಾ, ಎಲ್ಲರದೂ ಮುರಿಯಬೇಕಾ? ಇನ್ನೂ ಅದನ್ನೇ ಕೊಟ್ಟಿದ್ದಾನೆ. ಮೈಯೆಲ್ಲ ಉರಿಯಿತು.

ಹತ್ತಿರ ಕೂತಿದ್ದವನ ಚಾಕು ತೆಗೆದುಕೊಂಡೆ. ಪೂರ್ತಿ ಬಿಡಿಸಿದೆ. ಲಾಕ್ ಟಕ್ಕೆಂದದ್ದನ್ನು ಎಲ್ಲರೂ ಕೇಳಿದರು. ಕಂಟ್ರಾಕ್ಟರ್ ಮುಂದೆ ಹಿಡಿದೆ.

"ಬೆರಳಿಡಿ ಸಾರ್, ಅಲಗು ಮಡಚೋ ಜಾಗದಲ್ಲಿ. ಮೆಲ್ಲಗೆ ತಟ್ತೀನಿ."

ತಲೆ ಕೆಟ್ಟಿದೆಯಾ ಅಂದ. ಚಾಕು ಚೆನ್ನಾಗಿದೆ ತಾನೇ ಸಾರ್, ಇಡಿ ಅಂದೆ. ಅವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಎಲ್ಲರೂ ನೋಡಿದರು. ಚಾಕುವಿನ ಬೆನ್ನನ್ನು ಕಂಬಕ್ಕೆ ತಟ್ಟಿದೆ. ಮಡಚಿಕೊಂಡಿತು.

ನಮ್ಮ ಜೊತೆಯ ವೆಲ್ಡರ್ ಮೊದಲು ಎದ್ದ. ತನ್ನ ಚಾಕು ತೆಗೆದು ಕಂಟ್ರಾಕ್ಟರನ ಕಾಲ ಬಳಿ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ. ಇವತ್ತು ಯಾರೂ ಬೋರ್ಡು ಹತ್ತಲಿಲ್ಲ.

ಕಂಟ್ರಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದ. ಎಲ್ಲರಿಗೂ ಬೇರೆ ಚಾಕು ಕೊಡಿಸುತ್ತಾನಂತೆ, ನಾನೇ ಆರಿಸಿ ಕೊಡಬೇಕಂತೆ. ಈಗ ಬೆಣ್ಣೆ. ಮೊದಲು ಆಸ್ಪತ್ರೆಗೆ ಬನ್ನಿ, ಆ ತಾಯಿಯ ಮುಂದೆ ಇದೇ ಬಾಯಿಂದ ನಿಜ ಹೇಳಿ, ಅಂಗಡಿ ಆಮೇಲೆ — ಅಂದೆ. ನೋಡೋಣ ಅಂದ.

ಜುಲೈ 22, ಬೆಳಗ್ಗೆ

ಬಂದಿದ್ದಾನೆ. ಬಾಗಿಲಲ್ಲಿ ಸ್ಕೂಟರ್. ಇಳಿದಿಲ್ಲ, ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ.

ಇವಳು ಕಿಟಕಿಯಿಂದ ಬಗ್ಗಿ ನೋಡಿ ಹೇಳಿದಳು: "ಹಣ್ಣು ಗಿಣ್ಣು ಏನೂ ತಂದಿಲ್ಲ. ಬರಿಗೈ."

ಒಳ್ಳೆಯದು. ಬರಿಗೈಯಲ್ಲೇ ಬರಲಿ. ಬೀದಿ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಆಸ್ಪತ್ರೆ. ಅಂಗಡಿಯ ಕಡೆಗೆ ಎಡಕ್ಕೆ ತಿರುಗಿಸಿದನೋ, ಓಡುವ ಗಾಡಿಯಿಂದಲೇ ಇಳಿದುಬಿಡುತ್ತೇನೆ.