ಮೊದಲು ಟ್ಯೂಬು, ಆಮೇಲೆ ತೀರ್ಥ

ಸುಚೇತಾ,

ಅಪ್ಪನ ಮಾತ್ರೆ ತರಲು ಬೀಸ್ಟನ್ ಪೇಟೆಗೆ ಹೊರಟೆ, ಮಧ್ಯಾಹ್ನ ಬರುತ್ತೇನೆ. ನಿನ್ನ ಜೀನ್ ಪರೀಕ್ಷೆಯ ಹೊಸ ಟ್ಯೂಬು ಬಂದಿದೆ, ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಅಡುಗೆಮನೆಗೆ ತರಬೇಡ. ಎಂಜಲಿನ ಟ್ಯೂಬು ಮೊಸರಿನ ಪಕ್ಕ ಕಂಡರೆ ಅಜ್ಜಿ ಇಡೀ ಫ್ರಿಜ್ ತೊಳೆಸುತ್ತಾರೆ, ಅದೂ ನನ್ನ ಕೈಯಲ್ಲಿ.

ಟ್ಯೂಬಿಗೆ ಉಗುಳುವುದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಕಳೆದ ಸಲ ನೀನು, ಒಳ್ಳೆಯದಾಗಲಿ ಅಂತ ಅಜ್ಜಿ ಕೊಟ್ಟ ತೀರ್ಥ, ತುಳಸಿ ಬಾಯಿಗೆ ಹಾಕಿಕೊಂಡು ಸೀದಾ ಹೋಗಿ ಉಗುಳಿದೆ. ಮಾದರಿ ಕೆಟ್ಟಿದೆ ಅಂತ ಲ್ಯಾಬಿನವರು ಬರೆದರು. ಈ ಸಲ ಅಜ್ಜಿಗೆ ಹೇಳಿದ್ದೇನೆ. "ದೇವರು ಅರ್ಧ ಗಂಟೆ ಕಾಯ್ತಾನೆ ಬಿಡು" ಅಂದರು.

ನಿನ್ನೆ ನೀನು ಬಾಗಿಲ ಹಿಂದಿನಿಂದ "ಅಪ್ಪನ ಜೀನ್ ನಂಗೂ ಬಂದಿದ್ರೆ?" ಅಂದೆ. ಬಂದಿರಬಹುದು, ಬಾರದೆಯೂ ಇರಬಹುದು, ಎರಡೂ ಸಮಸಮ. ಅವರ ಮೂಗು ಬಂದಿದೆ, ಮುನಿಸೂ ಬಂದಿದೆ, ಸಂಭಾಳಿಸಿಕೊಂಡು ಹೋಗುತ್ತಿಲ್ಲವೇ ನಾವು? ಕೊಲೆಸ್ಟ್ರಾಲ್ ಏರಿಸುವ ಈ ಜೀನ್ ಇರುವುದು ಅಪ್ಪನಿಗೆ ಗೊತ್ತಾಗಿದ್ದು ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮೇಲೆ. ನಿನಗೆ ಹತ್ತೊಂಬತ್ತನೇ ವಯಸ್ಸಿಗೇ ಗೊತ್ತಾದರೆ ಅದನ್ನು ಇಳಿಸುವ ಮಾತ್ರೆ ಈಗಲೇ ಶುರು ಮಾಡಬಹುದು, ಹೃದಯಕ್ಕೆ ಪೆಟ್ಟು ಬೀಳುವ ಮೊದಲೇ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಕೆಲಸ ಮುಗಿಸಿ ತಿನ್ನು. ಟ್ಯೂಬನ್ನು ಪೋಸ್ಟ್ ಡಬ್ಬಿಗೆ ಹಾಕಲು ಒಬ್ಬಳಿಗೇ ಧೈರ್ಯ ಸಾಲದಿದ್ದರೆ ಹಾಗೇ ಇಟ್ಟಿರು. ನಾನು ಬಂದ ಮೇಲೆ ಟ್ರಾಮ್ ಸ್ಟಾಪಿನ ಪಕ್ಕದ ಡಬ್ಬಿಯ ತನಕ ಇಬ್ಬರೂ ನಡೆದು ಹೋಗಿ ಹಾಕಿ ಬರೋಣ.

ಅಮ್ಮ