ಹದಿನಾಲ್ಕನೇ ಮಂಚದವರು

ಕ್ರೋಂಪೇಟೆ, ಮದರಾಸು
೧೭-೬-೧೯೬೨, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಅಂಬುಜಾಳ ನಮಸ್ಕಾರಗಳು. ಎದೆಯುರಿ ಕಡಿಮೆಯಾಯಿತೇ? ನಾಗಪುರದ ಮೆಸ್ಸಿನವರು ಸಾರಿಗೂ ಪಲ್ಯಕ್ಕೂ ಒಂದೇ ಸಮನೆ ಮೆಣಸಿನಪುಡಿ ಸುರಿಯುತ್ತಾರೆಂದು ಬರೆದಿದ್ದಿರಿ. ರಾತ್ರಿಗೆ ಮಜ್ಜಿಗೆ ಅನ್ನ ಸಾಕು, ನಾಲಗೆಯ ಮಾತು ಕೇಳಬೇಡಿ. ಬಿಸಿಲಲ್ಲಿ ಬರಿತಲೆಯಲ್ಲೇ ಆಫೀಸಿಗೆ ಹೋಗುತ್ತೀರೆಂದೂ ನನಗೆ ಗೊತ್ತು. ಊರವರ ಜೀವಕ್ಕೆಲ್ಲ ವಿಮೆ ಮಾಡಿಸುವ ನೀವು ನಿಮ್ಮ ಜೀವವನ್ನು ಮಾತ್ರ ಬಿಸಿಲಿಗೆ ಹಾಕುತ್ತೀರಿ. ಇಲ್ಲಿ ಅತ್ತೆಯ ಮಂಡಿನೋವು ಹಾಗೆಯೇ ಇದೆ, ಆದರೆ ಉಪ್ಪಿನಕಾಯಿ ಭರಣಿ ಎತ್ತುವಾಗ ಮಾತ್ರ ಅವರಿಗೆ ಮಂಡಿಯ ನೆನಪಾಗುವುದಿಲ್ಲ. ಗಾಳಿ ತಿರುಗಿದರೆ ಚರ್ಮದ ಕಾರ್ಖಾನೆಯ ವಾಸನೆ ಅಡುಗೆಮನೆಗೇ ನುಗ್ಗುತ್ತದೆ. ಅತ್ತೆ ಕಿಟಕಿ ಮುಚ್ಚುತ್ತಾರೆ, ಸೆಕೆಯೆಂದು ನಾನು ತೆರೆಯುತ್ತೇನೆ, ಹೀಗೆ ನಮ್ಮ ದಿನ ಸಾಗಿದೆ.

ಈ ಕಾಗದ ಬರೆಯಲು ಕೂತದ್ದು ಇದು ಮೂರನೇ ಸಲ. ಮೊದಲ ಸಲ ಹಾಲು ಉಕ್ಕಿತೆಂದು ಎದ್ದು ಓಡಿದೆ. ಹಾಲನ್ನು ಒಲೆಯ ಮೇಲೆ ಇಟ್ಟೇ ಇರಲಿಲ್ಲ. ಎರಡನೇ ಸಲ ಯಾರೋ ಬಾಗಿಲು ತಟ್ಟಿದಂತಾಯಿತು, ಯಾರೂ ಇಲ್ಲ. ಐದು ದಿನದಿಂದ ಹೀಗೇ ಇದ್ದೇನೆ. ನಿನ್ನೆ ಆಸ್ಪತ್ರೆಗೆ ಹೋಗುವಾಗ ಎಗ್ಮೋರಿನಲ್ಲಿ ರೈಲು ಇಳಿಯುವುದನ್ನು ಮರೆತು ಮುಂದಿನ ಸ್ಟೇಷನ್ನಿನಿಂದ ನಡೆದು ಬಂದೆ. ನಿಮ್ಮ ಕಳೆದ ಕಾಗದದ ಕೊನೆಯ ಸಾಲು ತಲೆಯಲ್ಲೇ ಕೂತಿದೆ: ಕೆಲಸ ಬಿಟ್ಟು ಅಮ್ಮನನ್ನು ಕರೆದುಕೊಂಡು ಇಲ್ಲಿಗೇ ಬಂದುಬಿಡು, ಎಷ್ಟು ದಿನ ಹೀಗೆ ಎರಡು ಒಲೆ ಉರಿಸುವುದು ಎಂದು. ಮುಂದಿನ ತಿಂಗಳು ನನಗೆ ವಾರ್ಡ್ ಸಿಸ್ಟರ್ ಹುದ್ದೆ ಬರುವುದಿದೆ, ಅದೊಂದು ಆಗಲಿ ಎಂದು ನಾನು ಉತ್ತರ ಬರೆಯುವುದರಲ್ಲಿದ್ದೆ. ಈಗ ಬರೆಯಬೇಕಾದದ್ದೇ ಬೇರೆ. ಅದನ್ನು ಹೇಳಿದರೆ ಕೋಲು ಕೊಟ್ಟು ಹೊಡೆಸಿಕೊಂಡಂತೆ. ಹೇಳದಿದ್ದರೆ ಈ ಕಾಗದ ಮೂರನೇ ಸಲವೂ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮದು ಗಂಡಸರ ವಾರ್ಡು, ಮೂವತ್ತು ಮಂಚ. ಬೆಳಿಗ್ಗೆ ಏಳಕ್ಕೆ ಇಂಜೆಕ್ಷನ್ ತಟ್ಟೆ ಹಿಡಿದು ಹೊರಟರೆ ನಮಗೆ ಕಲಿಸಿದ ಕ್ರಮ ಒಂದೇ. ಮದ್ದಿನ ಪುಸ್ತಕ ನೋಡಬೇಕು, ಮಂಚದ ತಲೆಗೆ ಕಟ್ಟಿದ ಚೀಟಿ ಓದಬೇಕು, ರೋಗಿಯ ಹೆಸರು ಕೂಗಬೇಕು, ಅವನ ಬಾಯಿಂದಲೂ ಹೆಸರು ಹೇಳಿಸಬೇಕು, ಆಮೇಲೆ ಸೂಜಿ. ಈ ಶಾಸ್ತ್ರ ನಿಮಗೇನೂ ಹೊಸದಲ್ಲ. ಆರು ವರ್ಷದ ಹಿಂದೆ ಅಪೆಂಡಿಸೈಟಿಸ್ ಆಪರೇಷನ್ ಆಗಿ ನೀವು ನಮ್ಮಲ್ಲಿ ಹನ್ನೊಂದು ದಿನ ಮಲಗಿದ್ದಾಗ ದಿನಕ್ಕೆರಡು ಸಲ ನಿಮ್ಮ ಹೆಸರು ಕೂಗಿದವಳು ನಾನೇ. ಮೂರನೇ ದಿನವೋ ಏನೋ ನೀವು ಬೇಸತ್ತು, "ಸಿಸ್ಟರೇ, ನಿನ್ನೆ ಇದ್ದದ್ದೇ ಹೆಸರು. ರಾತ್ರಿ ಬದಲಾಯಿಸ್ಲಿಲ್ಲ" ಅಂದಿರಿ. ನಾನು ಮುಖ ಗಂಟಿಕ್ಕಿಕೊಂಡೇ ಸೂಜಿ ಚುಚ್ಚಿದೆ. ನಕ್ಕದ್ದು ಡ್ಯೂಟಿ ರೂಮಿಗೆ ಹೋದ ಮೇಲೆ.

ಮದುವೆಯಾಗುವಾಗ ಅತ್ತೆ ಹಾಕಿದ್ದು ಎರಡೇ ಷರತ್ತು. ಕೆಲಸ ಬಿಡು ಎನ್ನಲಿಲ್ಲ, ಅದು ಅವರ ದೊಡ್ಡತನ. ನರ್ಸು ಸೊಸೆ ಬಂದಳೆಂದು ಕುಂದಾಪುರದ ಕಡೆಯ ನೆಂಟರು ಎಷ್ಟು ಮೂಗು ಮುರಿದರೆಂದು ನಿಮಗೇ ಗೊತ್ತು. ಆಸ್ಪತ್ರೆಯಿಂದ ಬಂದವಳು ಸ್ನಾನ ಮಾಡಿಯೇ ಒಲೆಯ ಹತ್ತಿರ ಬರಬೇಕು, ಇದು ಒಂದು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು, ಹೇಳಿದರೆ ಅವನ ಆಯುಸ್ಸಿಗೆ ಕುಂದು, ಇದು ಎರಡು. ಮಾವನವರ ಹೆಸರಿನಲ್ಲಿ ರಾಮ ಇದ್ದದ್ದಕ್ಕೆ ಅತ್ತೆ ಇವತ್ತಿಗೂ ಭಜನೆಯಲ್ಲಿ ರಾಮ ಬಂದ ಕಡೆಯೆಲ್ಲ ಬಾಯಿ ಮುಚ್ಚಿ ತಾಳ ಮಾತ್ರ ತಟ್ಟುತ್ತಾರೆ. ಅಂಥವರ ಎದುರು ನಾನೇನು ವಾದ ಮಾಡಲಿ? ಒಪ್ಪಿದೆ. ನಿಮಗೆ ಬರೆಯುವ ಕಾಗದದ ಕವರಿನ ಮೇಲೆ ಕೂಡ ಎದುರುಮನೆಯ ರೈಲ್ವೆ ಗುಮಾಸ್ತ ಕಿಟ್ಟಣ್ಣನೇ ವಿಳಾಸ ಬರೆದುಕೊಡುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಅದು ರೂಢಿಯಾಗಿ, ಹೆಸರು ಹೇಳದಿರುವುದೇ ನಿಮ್ಮ ಮೇಲಿನ ಪ್ರೀತಿ ಎನ್ನಿಸಿಬಿಟ್ಟಿತ್ತು. ದೂರದಲ್ಲಿರುವವರಿಗೆ ಇನ್ನೇನು ಮಾಡಲು ಆಗುತ್ತದೆ ನಮ್ಮಿಂದ?

ಈ ತಿಂಗಳ ಮೂರನೇ ತಾರೀಕು ಹದಿನಾಲ್ಕನೇ ಮಂಚಕ್ಕೆ ಒಬ್ಬರು ಬಂದರು. ಪೋಸ್ಟಾಫೀಸಿನಲ್ಲಿದ್ದು ರಿಟೈರ್ ಆದವರು, ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಇಪ್ಪತ್ತು ಯೂನಿಟ್ ಇನ್ಸುಲಿನ್. ಚೀಟಿ ನೋಡಿದರೆ ನಿಮ್ಮದೇ ಹೆಸರು, ಒಂದಕ್ಷರವೂ ಆಚೀಚೆ ಇಲ್ಲ. ಹೆಸರು ಕೂಗದೆ ಮಂಚದ ನಂಬರು ಹಿಡಿದೆ. "ಹದಿನಾಲ್ಕನೇ ಮಂಚದವರೇ, ಕೈ ಕೊಡಿ" ಅಂದೆ. ಅವರು ಕೊಟ್ಟರು, ಮುಗಿಯಿತು. ಮರುದಿನವೂ ಹಾಗೇ. ಕಲಿಯುವ ಹುಡುಗಿಯರಿಗೆ ವಾಸನೆ ಹತ್ತಿ, ಸಿಸ್ಟರಿಗೆ ಅವರನ್ನು ಕಂಡರೆ ನಾಚಿಕೆ ಎಂದು ತಮಾಷೆ ಮಾಡಿದರು, ನಾನೂ ನಕ್ಕೆ. ಒಂಬತ್ತು ದಿನ ಹೀಗೇ ನಡೆಯಿತು. ಆ ಮಂಚದ ಹತ್ತಿರ ಬಂದಾಗ ಮೊದಮೊದಲು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಚೀಟಿಯ ಮೇಲೆ ಕಣ್ಣು ಹಾಯಿಸುವುದೂ ನಿಂತುಹೋಯಿತು. ಹೆಸರು ಬೇಡವೆಂದ ಮೇಲೆ ಚೀಟಿ ಯಾಕೆ ಎಂದು ಕಣ್ಣೇ ತೀರ್ಮಾನಿಸಿದಂತಿತ್ತು.

ಕಳೆದ ಸೋಮವಾರ ಸಂಜೆ, ನನ್ನ ಡ್ಯೂಟಿ ಮುಗಿದ ಮೇಲೆ, ಹದಿನಾಲ್ಕರ ಮೇಲಿನ ಫ್ಯಾನು ನಿಂತಿತಂತೆ. ಮುದುಕರಿಗೆ ಉಸಿರು ಕಟ್ಟಿದಂತಾಗಿ, ಡಾಕ್ಟರು ಹೇಳಿದ್ದಕ್ಕೆ ವಾರ್ಡಿನ ಆಳು ಗುಂಡಣ್ಣ ಅವರನ್ನು ಕಿಟಕಿಯ ಪಕ್ಕದ ಇಪ್ಪತ್ತೊಂದಕ್ಕೆ ಸಾಗಿಸಿದ. ಅಲ್ಲಿದ್ದ ನಂಜುಂಡನನ್ನು ಹದಿನಾಲ್ಕಕ್ಕೆ ತಂದ. ಈ ನಂಜುಂಡ ನಮ್ಮ ಕ್ರೋಂಪೇಟೆಯ ಚರ್ಮದ ಕಾರ್ಖಾನೆಯವನೇ, ಕೊಳ್ಳೇಗಾಲದ ಕಡೆಯವನು, ಹೊಟ್ಟೆನೋವಿಗೆ ಬಂದಿದ್ದ. ಗುಂಡಣ್ಣ ಮಂಚದ ಚೀಟಿಗಳನ್ನೂ ಬಿಚ್ಚಿ ಬದಲಾಯಿಸಿ ಕಟ್ಟಿದ್ದ. ಮದ್ದಿನ ಪುಸ್ತಕದಲ್ಲಿ ನಂಬರು ತಿದ್ದಬೇಕಾದವರು ವಾರ್ಡ್ ಸಿಸ್ಟರ್ ಕಲಾವತಿ, ಅವರು ತಿದ್ದಲಿಲ್ಲ. ಮಂಗಳವಾರ ಬೆಳಿಗ್ಗೆ ನಾನು ಬಂದೆ. ಹನ್ನೆರಡನೆಯವನ ಹೆಸರು ಕೂಗಿದೆ, ಹೇಳಿಸಿದೆ. ಹದಿಮೂರನೆಯವನದೂ ಅಷ್ಟೇ. ಹದಿನಾಲ್ಕರಲ್ಲಿ ಒಬ್ಬರು ಗೋಡೆಯ ಕಡೆ ತಿರುಗಿ ತಲೆಯವರೆಗೆ ಹೊದ್ದು ಮಲಗಿದ್ದರು. "ಹದಿನಾಲ್ಕನೇ ಮಂಚದವರೇ, ಕೈ ಕೊಡಿ." ಹೊದಿಕೆಯೊಳಗಿಂದ ಕೈ ಬಂತು. ಚುಚ್ಚಿದೆ. ಹದಿನೈದನೆಯವನ ಹೆಸರನ್ನು ಮತ್ತೆ ಗಟ್ಟಿಯಾಗಿ ಕೂಗಿದೆ. ಹದಿಮೂರರವರೆಗೆ ನಾನು ನರ್ಸು, ಹದಿನೈದರಿಂದಲೂ ನರ್ಸು. ನಡುವೆ ಒಂದು ಮಂಚಕ್ಕೆ ಮಾತ್ರ ನಮ್ಮ ಮನೆಯ ಸೊಸೆಯಾಗಿದ್ದೆ.

ನಂಜುಂಡನಿಗೆ ಅವತ್ತು ಎಕ್ಸ್‌ರೇ ಇತ್ತು, ಖಾಲಿ ಹೊಟ್ಟೆಯಲ್ಲಿ ಇಟ್ಟಿದ್ದರು. ಇಂಜೆಕ್ಷನ್ನೂ ಎಕ್ಸ್‌ರೇಗೇ ಇರಬೇಕೆಂದು ಪಾಪ ಅವನು ಸುಮ್ಮನಿದ್ದ. ಎಂಟೂವರೆಗೆ ಮೈಯೆಲ್ಲ ಬೆವೆತು ನಡುಗುತ್ತ ಏನೇನೋ ಬಡಬಡಿಸಲು ಶುರು ಮಾಡಿದ. ಹೊದಿಕೆ ಸರಿಸಿ ಮುಖ ನೋಡಿದೆ. ಆಮೇಲೆ ಚೀಟಿ ನೋಡಿದೆ. ಡಾಕ್ಟರನ್ನು ಕೂಗಿ, ಇವನಿಗೆ ತಪ್ಪಿ ಇನ್ಸುಲಿನ್ ಹೋಗಿದೆ ಎಂದು ಹೇಳಿದೆ. ನರಕ್ಕೆ ಗ್ಲೂಕೋಸ್ ಕೊಟ್ಟರು. ಹತ್ತು ನಿಮಿಷದಲ್ಲಿ ಕಣ್ಣು ಬಿಟ್ಟು, ಎಕ್ಸ್‌ರೇ ಮುಗೀತಾ ಎಂದು ಕೇಳಿದ. ಅತ್ತ ಇಪ್ಪತ್ತೊಂದರಿಂದ ಆ ಮುದುಕರು ಇವತ್ತು ನನಗೆ ಚುಚ್ಚಲೇ ಇಲ್ಲವಲ್ಲ ಎಂದು ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ನಂಜುಂಡನ ಹೆಂಡತಿ ಲಕ್ಷ್ಮಿ ಬಂದಳು. ಯಾರು ಏನು ಹೇಳಿದರೋ, ನೇರವಾಗಿ ಬಂದು ನನ್ನ ಕಾಲು ಹಿಡಿದಳು. "ನೀವು ನೋಡ್ದೆ ಇದ್ದಿದ್ರೆ ನನ್ನ ತಾಳಿ ಉಳೀತಿರ್ಲಿಲ್ಲ ಕಣವ್ವ" ಅಂದಳು. ನನ್ನ ತಾಳಿ ಕಾಯಲು ಹೋಗಿ ನಾನು ಕೈ ಹಾಕಿದ್ದು ಅವಳ ತಾಳಿಗೆ. ಅವಳನ್ನು ಎಬ್ಬಿಸಿ ಕೂರಿಸಿದೆನೇ ಹೊರತು ತಪ್ಪಿ ಚುಚ್ಚಿದವಳು ನಾನೇ ಎಂದು ಹೇಳಲಿಲ್ಲ.

ನಾಳೆ ಹತ್ತು ಗಂಟೆಗೆ ಮೇಟ್ರನ್ ವಿಚಾರಣೆ ಇಟ್ಟಿದ್ದಾರೆ, ಅಲ್ಲಿಯವರೆಗೆ ಇಂಜೆಕ್ಷನ್ ತಟ್ಟೆ ನನ್ನ ಕೈಗಿಲ್ಲ. ಸಿಸ್ಟರ್ ಕಲಾವತಿ ಆಗಲೇ ಒಂದು ಹೇಳಿಕೆ ಬರೆದು ನನ್ನ ಕೈಗೆ ಕೊಟ್ಟಿದ್ದಾರೆ: ಆಳು ಗುಂಡಣ್ಣ ಯಾರಿಗೂ ತಿಳಿಸದೆ ರೋಗಿಗಳನ್ನು ಬದಲಾಯಿಸಿದ್ದರಿಂದ ಹೀಗಾಯಿತು ಎಂದು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದಾರೆ. ಅವರದು ಇಲ್ಲೇ ಹುಟ್ಟಿ ಬೆಳೆದ ಮನೆ, ಕನ್ನಡದಲ್ಲಿ ಅರ್ಧ ತಮಿಳು. "ಇದನ್ನ ಯಾಕೆ ಪೆರಿಸಾ, ದೊಡ್ಡದು ಮಾಡ್ತೀಯ ಅಂಬುಜಾ? ಆ ನಂಜುಂಡ ಎದ್ದು ಇಡ್ಲಿ ತಿಂತಾ ಕೂತಿದಾನೆ. ಸೈನ್ ಹಾಕು, ಸಿಸ್ಟರ್ ಆಗು" ಅಂದರು. ಅವರು ಕೆಟ್ಟವರಲ್ಲ, ಪುಸ್ತಕ ತಿದ್ದದ ಭಯ ಅವರಿಗೂ ಇದೆ. ಗುಂಡಣ್ಣ ಹೊಸೂರಿನ ಕಡೆಯವನು, ಪೆನ್ಷನ್ನಿಗೆ ಇನ್ನು ಎರಡೇ ವರ್ಷ. ಶುಕ್ರವಾರ ಮೆಟ್ಟಿಲ ಹತ್ತಿರ ಕಾದು ನಿಂತಿದ್ದ. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಅಮ್ಮಾ, ಚೀಟಿ ನಾನೇ ಬಿಚ್ಚಿ ಕಟ್ಟಿದ್ನಲ್ಲಮ್ಮ. ಚೀಟಿ ಸರಿಯಾಗೇ ಐತಲ್ಲ?" ಅಂದ, ಅಷ್ಟೇ. ಚೀಟಿ ಸರಿಯಾಗಿಯೇ ಇತ್ತು. ಇಡೀ ಆಸ್ಪತ್ರೆಯಲ್ಲಿ ಅವತ್ತು ಸರಿಯಾಗಿದ್ದದ್ದು ಅದೊಂದೇ.

ಸಹಿ ಹಾಕದೆ ನನ್ನದೇ ಕಾಗದ ಬರೆದುಕೊಟ್ಟರೆ ಹುದ್ದೆ ಹೋಗುತ್ತದೆ. ಮೇಟ್ರನ್ ಮನಸ್ಸು ಮಾಡಿದರೆ ಕೆಲಸವೂ ಹೋದೀತು. ಆಗ ನೀವು ಹೇಳಿದಂತೆಯೇ ಆಗುತ್ತದೆ, ಗಂಟು ಕಟ್ಟಿಕೊಂಡು ನಾಗಪುರಕ್ಕೆ ಬರುವುದು. ಆದರೆ ನಿಮ್ಮ ಹತ್ತಿರ ಬರುವುದಾದರೆ ಬೇಕೆಂದು ಬರಬೇಕು, ಓಡಿ ಬರಬಾರದು. ಅತ್ತೆಗೆ ಇನ್ನೂ ಹೇಳಿಲ್ಲ. ಅವರ ಷರತ್ತಿನಿಂದ ಹೀಗಾಯಿತು ಎಂದರೆ ಅವರು ಏನೆಂದುಕೊಳ್ಳುತ್ತಾರೋ. ಅವರ ಮೇಲೆ ಹಾಕುವುದೂ ನ್ಯಾಯವಲ್ಲ. ಮನೆಯ ಮಾತನ್ನು ವಾರ್ಡಿಗೆ ಹೊತ್ತುಕೊಂಡು ಹೋದವಳು ನಾನು. ಆಸ್ಪತ್ರೆಯನ್ನು ಮನೆಗೆ ತರಬಾರದೆಂದು ದಿನಾ ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಮನೆಯನ್ನು ಆಸ್ಪತ್ರೆಗೆ ಒಯ್ಯದಂತೆ ಯಾವ ನೀರು ಹಾಕಿಕೊಳ್ಳಲಿ ಹೇಳಿ. ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತ ನಡುನಡುವೆ ನನ್ನನ್ನೇ ನೋಡುತ್ತಿದ್ದಾರೆ. ಎಷ್ಟು ಉದ್ದದ ಕಾಗದ ಎಂದು ಎರಡು ಸಲ ಕೇಳಿದರು.

ನೀರು ಕಾಯಿಸಿ ಕುಡಿಯಿರಿ. ಅತ್ತೆಯ ಆಶೀರ್ವಾದ ನಿಮಗೆ. ಮಾವಿನಮಿಡಿ ಉಪ್ಪಿನಕಾಯಿ ಯಾರ ಕೈಯಲ್ಲಾದರೂ ಕಳಿಸುತ್ತಾರಂತೆ, ಎದೆಯುರಿ ಇದೆಯೆಂದು ನಾನು ಅವರಿಗೆ ತಿಳಿಸಿಲ್ಲ. ಕಿಟ್ಟಣ್ಣನ ಮನೆಯವರೆಲ್ಲ ನಿಮ್ಮನ್ನು ಕೇಳಿದರು.

ನಿಮ್ಮವಳೇ ಆದ
ಅಂಬುಜಾ

ತಾ. ಕ. ಸೋಮವಾರ ಮಧ್ಯಾಹ್ನ, ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಟಪಾಲು ಎತ್ತಲು ಕಾಲು ಗಂಟೆ ಇದೆ. ನಿನ್ನೆ ಸಂಜೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಇವತ್ತು ಬೆಳಿಗ್ಗೆ ನನ್ನ ಕೈಗೆ ತಿಂಡಿ ಡಬ್ಬಿ ಕೊಡುತ್ತ ಹೇಳಿದರು: "ಮೂವತ್ತೆರಡ್ ವರ್ಷ ನಾನ್ ಅವ್ರ ಹೆಸ್ರ್ ಹೇಳ್ಲಿಲ್ಲ. ಉಳ್ದ್ರಾ? ಹೋಯಿ ಹೇಳಿ ಬಾ." ಹೇಳಿ ಬಂದೆ. ಸಿಸ್ಟರ್ ಬರೆದ ಕಾಗದವನ್ನು ಸಹಿಯಿಲ್ಲದೆ ಅವರಿಗೇ ವಾಪಸು ಕೊಟ್ಟೆ. ಆ ಮಂಚದಲ್ಲಿ ಯಾರಿದ್ದಾರೆಂದು ತಿಳಿದು ಸೂಜಿ ಚುಚ್ಚಿದಿರಿ, ಹೆಸರು ಹೇಳಿ ಎಂದರು ಮೇಟ್ರನ್. ಹೇಳಿದೆ. ವಾರ್ಡಿನಲ್ಲಿ ಕೂಗುವಷ್ಟೇ ಗಟ್ಟಿಯಾಗಿ ಬಂತು, ಬಾಗಿಲ ಹೊರಗಿನ ಪ್ಯೂನು ಇಣುಕಿ ನೋಡಿದ. ಸಿಸ್ಟರ್ ಹುದ್ದೆ ಈ ವರ್ಷ ಇಲ್ಲ. ಒಂದು ತಿಂಗಳು ನಾನು ಇಂಜೆಕ್ಷನ್ ಕೊಡುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಗುಂಡಣ್ಣನ ತಂಟೆಗೆ ಯಾರೂ ಹೋಗುವುದಿಲ್ಲ. ಮನೆಗೆ ಹೋಗುವಾಗ ಲಕ್ಷ್ಮಿಯ ಗುಡಿಸಲು ಹುಡುಕಿ ಅವಳಿಗೂ ನಿಜ ಹೇಳಬೇಕು. ಅದಕ್ಕೆ ಇನ್ನೂ ಹೆದರಿಕೆ ಇದೆ. ಕೆಲಸ ಬಿಡುವುದಿಲ್ಲ. ನಾಳೆ ಏಳು ಗಂಟೆಗೆ ಇಪ್ಪತ್ತೊಂದನೇ ಮಂಚದವರನ್ನು ಹೆಸರು ಹಿಡಿದು ಕರೆಯಬೇಕಾಗಿದೆ. ಕವರಿನ ಮೇಲಿನ ಅಕ್ಷರ ಕಿಟ್ಟಣ್ಣನದಲ್ಲ, ನೋಡಿಕೊಳ್ಳಿ. ಶಂಕರನಾರಾಯಣ ಅವರೇ, ಸಿಟ್ಟು ಬಂದರೂ ಸರಿ, ಉತ್ತರ ಬರೆಯಿರಿ. ನೀವು ನೂರು ವರ್ಷ ಬದುಕಬೇಕು.